ಕೋಟಿ ಚೆನ್ನಯರಿಗೆ ರಂಗಸ್ಥಳ ಯಾಕೆ ಬೇಡ?

ಪುತ್ತೂರು, ಸುಳ್ಯ, ಕಡಬದ ಕಡೆ ಯಕ್ಷಗಾನದ ಸಭೆ ಎಲ್ಲೇ ನಡೆಯಲಿ, ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ತುಳು ಪ್ರಸಂಗ ಬಂತು, ಯಕ್ಷಗಾನ ಕೆಟ್ಟಿತು. ಸನ್ಮಾನದ ಭಾಷಣದಲ್ಲಿ ಹೇಳುತ್ತಾರೆ, ಚೌಕಿಯ ಹೊರಗೆ ಚಾ ಕುಡಿಯುತ್ತಾ ಹೇಳುತ್ತಾರೆ, ಅಭಿನಂದನ ಗ್ರಂಥಗಳಲ್ಲಿ ಬರೆಯುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ. ಹೌದೇ ಎಂದು ಮರುಪ್ರಶ್ನೆ ಹಾಕಿದವರು ಕಡಿಮೆ. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ಮಾತು ಸೇರಿಕೊಂಡಿದೆ: ದೈವಗಳ ಕಥೆಯನ್ನು ಆಟಕ್ಕೂ ನಾಟಕಕ್ಕೂ ತರಲೇಬಾರದು.

ಮೊದಲನೆಯದು ಕಲೆಯ ಶುದ್ಧಿಯ ಹೆಸರಿನಲ್ಲಿ ಬರುತ್ತದೆ, ಎರಡನೆಯದು ನಂಬಿಕೆಯ ಶುದ್ಧಿಯ ಹೆಸರಿನಲ್ಲಿ. ಹೇಳುವವರು ಬೇರೆ ಬೇರೆ, ಅವರೊಳಗೆ ಪರಸ್ಪರ ಒಪ್ಪಿಗೆಯೂ ಇಲ್ಲ. ಆದರೆ ಎರಡರ ಫಲ ಒಂದೇ. ಈ ಮಣ್ಣಿನಲ್ಲಿ ಹುಟ್ಟಿದ ಕಥೆಗೆ ಈ ಮಣ್ಣಿನ ರಂಗಸ್ಥಳದಲ್ಲಿ ಜಾಗವಿಲ್ಲ ಎಂದಾಗುತ್ತದೆ. ಎರಡೂ ತಪ್ಪು ಎಂಬುದು ನನ್ನ ವಾದ.

ಯಾವ ಕಥೆಯನ್ನು ಹೊರಗಿಡಲು ಹೊರಟಿದ್ದೇವೆ ಎಂಬುದನ್ನು ಮೊದಲು ನೋಡೋಣ. ಗರಡಿಗಳಲ್ಲಿ ದೈವಗಳಾಗಿ ಆರಾಧನೆಗೊಳ್ಳುವ ಅವಳಿ ವೀರರು ಕೋಟಿ ಚೆನ್ನಯರು. ಅವರ ಪಾಡ್ದನದ, ಅಂದರೆ ತುಳು ಜನಪದ ಕಥನಗೀತೆಯ, ಊರುಗಳೆಲ್ಲ ನಮ್ಮ ಕಣ್ಣೆದುರೇ ಇವೆ. ಪಡುಮಲೆ ಪುತ್ತೂರು ತಾಲೂಕಿನಲ್ಲಿದೆ. ಅಲ್ಲಿಂದ ಹೊರಟವರು ಪಂಜಕ್ಕೆ ಬಂದರು, ಪಂಜದಿಂದ ಎಣ್ಮೂರಿಗೆ ಹೋದರು. ಇಂದು ಬಸ್ಸಿನಲ್ಲಿ ಒಂದೇ ದಿನ ಮೂರೂ ಊರನ್ನು ನೋಡಿ ಮನೆಗೆ ಮರಳಬಹುದು. ಈ ಮೂರು ತಾಲೂಕಿನ ಗದ್ದೆ, ಗುಡ್ಡ, ತೋಡುಗಳನ್ನು ಹೆಸರು ಹಿಡಿದು ಕರೆಯುವ ಇಷ್ಟು ದೊಡ್ಡ ದುರಂತ ಕಥೆ ನಮ್ಮಲ್ಲಿ ಮತ್ತೊಂದಿಲ್ಲ.

ಕಥೆಯ ಒಳಗನ್ನೂ ನೋಡಿ. ಮುಳ್ಳು ತಾಗಿ ಕಾಲು ಕೊಳೆತ ಪಡುಮಲೆಯ ಪೆರುಮಾಳ ಬಲ್ಲಾಳನಿಗೆ ತುಂಬು ಬಸುರಿ ದೇಯಿ ಬೈದೆತಿ ಮದ್ದು ಮಾಡಿ ಬದುಕಿಸುತ್ತಾಳೆ. ಅವಳಿ ಮಕ್ಕಳನ್ನು ಹೆತ್ತು ಕಣ್ಣು ಮುಚ್ಚುತ್ತಾಳೆ. ಮಕ್ಕಳು ಬೆಳೆದು ಸಾಗುವಳಿ ಮಾಡುವಾಗ ಬಲ್ಲಾಳನ ಮಂತ್ರಿ ಬುದ್ಯಂತನ ಜೊತೆ ಗದ್ದೆಯ ನೀರಿಗೆ ಜಗಳವಾಗುತ್ತದೆ. ನೀರಿನ ಜಗಳ ಎಂದರೇನು ಎಂಬುದನ್ನು ನಮ್ಮ ಕೃಷಿಕರಿಗೆ ವಿವರಿಸಬೇಕಾಗಿಲ್ಲ. ಕಟ್ಟಹುಣಿಯ ಮೇಲೆ ಒಬ್ಬ, ಕೆಳಗೆ ಕೆಸರಿನಲ್ಲಿ ಇಬ್ಬರು. ಮೇಲಿನವನಿಗೆ ಅಧಿಕಾರವಿದೆ, ಕೆಳಗಿನವರಿಗೆ ನ್ಯಾಯವಿದೆ. ಅಣ್ಣ ಕೋಟಿ ಮಾತಿನಲ್ಲಿ ಮುಗಿಸಲು ನೋಡುತ್ತಾನೆ. ತಮ್ಮ ಚೆನ್ನಯನಿಗೆ ಮಾತು ಸಾಕಾಗಿದೆ. ಬುದ್ಯಂತ ಸಾಯುತ್ತಾನೆ, ಅವಳಿಗಳು ಹುಟ್ಟಿದ ಊರು ಬಿಡುತ್ತಾರೆ.

ಪಂಜದಲ್ಲಿ ದಾರಿ ದಣಿದ ಈ ಇಬ್ಬರು ಒಂದು ಮನೆಯ ಮುಂದೆ ನಿಂತು ನೀರು ಕೇಳುತ್ತಾರೆ. ನೀರು ಕೊಡಲು ಬಂದವಳು ಅಕ್ಕ ಕಿನ್ನಿದಾರು. ಇವರಿಗೆ ಅವಳ ಗುರುತಿಲ್ಲ, ಅವಳಿಗೆ ಇವರ ಗುರುತಿಲ್ಲ. ಊರು ಯಾವುದು, ಕುಲ ಯಾವುದು, ತಾಯಿ ಯಾರು ಎಂದು ಒಂದೊಂದೇ ಮಾತು ಬಿಚ್ಚಿಕೊಳ್ಳುತ್ತಾ ಗುರುತು ಹತ್ತುತ್ತದೆ. ನುರಿತ ಇಬ್ಬರು ಅರ್ಥಧಾರಿಗಳು ಕೂತರೆ ಈ ಒಂದು ಸಂದರ್ಭವನ್ನು ಒಂದು ಗಂಟೆ ಬೆಳೆಸಬಹುದು. ಹೇಳಬಾರದ್ದನ್ನು ಹೇಳದೆ, ಹೇಳಬೇಕಾದ್ದನ್ನು ತಡೆತಡೆದು ಹೇಳುವ ಕೌಶಲ ತಾಳಮದ್ದಳೆಯ ಜೀವಾಳ. ಅದಕ್ಕೆ ಇದಕ್ಕಿಂತ ಒಳ್ಳೆಯ ಎಡೆ ಯಾವ ಪರ್ವದಲ್ಲಿ ಸಿಕ್ಕೀತು?

ಕೊನೆಗೆ ಎಣ್ಮೂರಿನ ಬಲ್ಲಾಳನ ಪರವಾಗಿ ನಿಂತು ಕಾದುವಾಗ ಕೋಟಿ ಬಾಣ ತಾಗಿ ಬೀಳುತ್ತಾನೆ. ಹಲವು ಪಾಠಗಳ ಪ್ರಕಾರ ಆ ಬಾಣ ಪಡುಮಲೆಯ ಬಲ್ಲಾಳನದು. ತಾಯಿ ಮದ್ದು ಮಾಡಿ ಉಳಿಸಿದ ಜೀವವೇ ಮಗನ ಜೀವ ತೆಗೆಯಿತು. ಅಣ್ಣನಿಲ್ಲದ ಬಾಳು ಬೇಡವೆಂದು ಚೆನ್ನಯ ಕಲ್ಲಿಗೆ ತಲೆಯೊಡ್ಡುತ್ತಾನೆ. ಕರ್ಣನ ಋಣ, ಅಭಿಮನ್ಯುವಿನ ಒಂಟಿತನ, ಲಕ್ಷ್ಮಣನ ಭ್ರಾತೃಪ್ರೇಮ ಎಂದು ನಾವು ಪುರಾಣದಲ್ಲಿ ಹುಡುಕಿ ಕೊಂಡಾಡುವ ಎಲ್ಲವೂ ಇಲ್ಲಿದೆ. ಯಕ್ಷಗಾನದ ವೇಷಕ್ರಮಕ್ಕೂ ಇದು ಸಲೀಸಾಗಿ ಹೊಂದುತ್ತದೆ. ಚೆನ್ನಯನಿಗೆ ಪುಂಡುವೇಷದ ಚುರುಕು, ಕೋಟಿಗೆ ತೂಕದ ನಡೆ, ಯುದ್ಧಕ್ಕೆ ಏರುಪದ. ಇಂಥ ಕಥೆ ರಂಗಕ್ಕೆ ಬಂದದ್ದರಿಂದ ರಂಗ ಕೆಟ್ಟಿತು ಎನ್ನುವವರು ಕಥೆಯನ್ನು ಪೂರ್ತಿ ಕೇಳಿಲ್ಲ ಎಂದೇ ನಾನು ತಿಳಿಯುತ್ತೇನೆ.

ಕೆಟ್ಟಿತು ಎನ್ನುವವರು ಕೊಡುವ ಸಾಕ್ಷಿಗಳು ನನಗೂ ಗೊತ್ತು. ಕಿರೀಟ ಹೋಗಿ ಟೋಪನ್ ಬಂತು. ಮಣಿ ಸಾಮಾನು ಹೋಗಿ ನಾಟಕದ ಮಖಮಲ್ ಅಂಗಿ ಬಂತು. ಭಾಗವತಿಕೆಯಲ್ಲಿ ಸಿನಿಮಾ ಧಾಟಿ ನುಸುಳಿತು. ಹಾಸ್ಯ ಅಳತೆ ಮೀರಿತು. ಇವೆಲ್ಲ ನಡೆದದ್ದು ನಿಜ, ನಡೆದದ್ದು ನಷ್ಟವೂ ಹೌದು. ಆದರೆ ಇದಕ್ಕೆ ಕಾರಣ ತುಳು ಭಾಷೆಯೇ? ಪಾಡ್ದನದ ಕಥೆಯೇ?

ಬಡಗುತಿಟ್ಟಿನ ಕಡೆ ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿ ಆಟವಾಡುವುದು ಕನ್ನಡದಲ್ಲಿ. ಆದರೂ ಡೇರೆ ಮೇಳಗಳ ಕಾಲದಲ್ಲಿ ಅಲ್ಲೂ ಸಾಮಾಜಿಕ, ಕಾಲ್ಪನಿಕ ಪ್ರಸಂಗಗಳು ಬಂದವು. ಅಲ್ಲೂ ವೇಷ ಬದಲಾಯಿತು, ಹಾಡಿನ ಧಾಟಿ ಬದಲಾಯಿತು, ಅಲ್ಲಿನ ಹಿರಿಯರೂ ಇದೇ ಗೋಳು ಹೇಳಿಕೊಂಡರು. ತುಳುವಿನ ಸೋಂಕೇ ಇಲ್ಲದ ಕಡೆ ಅದೇ ರೋಗ ಕಾಣಿಸಿಕೊಂಡಿದೆ ಎಂದಾದರೆ ರೋಗದ ಮೂಲ ತುಳುವಿನಲ್ಲಿರಲು ಸಾಧ್ಯವಿಲ್ಲ. ಮೂಲ ಟಿಕೆಟ್ಟಿನಲ್ಲಿತ್ತು. ಹರಕೆಯ ಬಯಲಾಟಕ್ಕೆ ಸೇವಾಕರ್ತರ ಹಣವಿತ್ತು. ಡೇರೆ ಮೇಳದ ಯಜಮಾನನಿಗೆ ಪ್ರತಿ ರಾತ್ರಿ ಕುರ್ಚಿ ತುಂಬಬೇಕಿತ್ತು, ಪೇಟೆಯ ಟಾಕೀಸಿನ ಜೊತೆ ಸ್ಪರ್ಧಿಸಬೇಕಿತ್ತು. ಪೌರಾಣಿಕ ಪ್ರಸಂಗವನ್ನೂ ಅದೇ ಒತ್ತಡ ಕುಗ್ಗಿಸಿತು, ಹಿಗ್ಗಿಸಿತು, ಅಲಂಕರಿಸಿತು. ಲೆಕ್ಕಪುಸ್ತಕದ ತಪ್ಪನ್ನು ಭಾಷೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಅದೇ ಕಾಲದ ಸಾಧನೆಯನ್ನು ಮರೆಯುವುದೂ ನ್ಯಾಯವಲ್ಲ. ಕರ್ನಾಟಕ ಮೇಳದಲ್ಲಿ ದಾಮೋದರ ಮಂಡೆಚ್ಚರ ಭಾಗವತಿಕೆಗೆ ರಾಮದಾಸ ಸಾಮಗರು, ಅರುವ ಕೊರಗಪ್ಪ ಶೆಟ್ಟರು, ಮಿಜಾರು ಅಣ್ಣಪ್ಪನವರು ತುಳುವಿನಲ್ಲಿ ಪಾತ್ರ ಕಟ್ಟಿದರು. ಅವರು ಯಕ್ಷಗಾನ ಗೊತ್ತಿಲ್ಲದೆ ತುಳುವಿಗೆ ಹೋದವರಲ್ಲ. ತಾಯ್ನುಡಿಯಲ್ಲಿ ಮಾತನಾಡಿದರೆ ಪಾತ್ರದ ಒಳಗೆ ಎಷ್ಟು ಆಳಕ್ಕೆ ಇಳಿಯಬಹುದು ಎಂದು ತೋರಿಸಿಕೊಟ್ಟವರು. ಅವರ ಆಟ ನೋಡಿ ಕಣ್ಣೀರು ಹಾಕಿದ ಹೆಂಗಸರು, ಮಕ್ಕಳು, ಕೂಲಿಯವರು ಕಲೆಯ ಬೆಲೆ ತಿಳಿಯದವರಾಗಿರಲಿಲ್ಲ. ಕನ್ನಡದ ಅರ್ಥಗಾರಿಕೆಯನ್ನು ದೂರದಿಂದ ಗೌರವಿಸಿ ಬರುತ್ತಿದ್ದ ಈ ಜನರಿಗೆ ರಂಗಸ್ಥಳ ಹತ್ತಿರವಾದದ್ದು ಆಗ.

ತುಳುವಿಗೆ ಪುರಾಣದ ಗಾಂಭೀರ್ಯ ಬಾರದು ಎಂಬುದು ಇನ್ನೊಂದು ಆಕ್ಷೇಪ. ಬಾಯಾರಿನ ಸಂಕಯ್ಯ ಭಾಗವತರು ಪಂಚವಟಿಯ ಕಥೆಯನ್ನು ತುಳುವಿನಲ್ಲಿ ಪ್ರಸಂಗವಾಗಿ ಬರೆದದ್ದು ಡೇರೆ ಮೇಳಗಳು ಹುಟ್ಟುವುದಕ್ಕೆ ಎಷ್ಟೋ ಮೊದಲು. ಮಂದಾರ ಕೇಶವ ಭಟ್ಟರು ಇಡೀ ರಾಮಾಯಣವನ್ನು ತುಳುವಿನಲ್ಲಿ ಹಾಡಿದರು. ಇನ್ನು ಪಾಡ್ದನಗಳ ಮಾತು. ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರ ಮುಂದೆ ಕೂತು ಸಿರಿಯ ಕಥೆಯನ್ನು ಧ್ವನಿಮುದ್ರಿಸಿಕೊಂಡರು. ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡರಂಥ ನಮ್ಮ ವಿದ್ವಾಂಸರು ಅವರ ಜೊತೆಗಿದ್ದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲುಗಳ ಮಹಾಕಾವ್ಯವಾಗಿತ್ತು. ಒಬ್ಬ ಕೃಷಿಕನ ನೆನಪಿನಿಂದ ಬಂದ ತುಳು. ಆ ಭಾಷೆಗೆ ತೂಕವಿಲ್ಲ ಎನ್ನಲು ನಮಗೆ ಯಾವ ಆಧಾರವಿದೆ?

ಹೊಂಕೊ ಬಂದ ದೇಶದ ಕಥೆಯೂ ನಮಗೆ ಪಾಠ. ಹತ್ತೊಂಬತ್ತನೇ ಶತಮಾನದ ಫಿನ್‌ಲೆಂಡಿನಲ್ಲಿ ಓದು, ಕಚೇರಿ, ರಂಗಭೂಮಿ ಎಲ್ಲ ನಡೆಯುತ್ತಿದ್ದುದು ಸ್ವೀಡಿಷ್ ಭಾಷೆಯಲ್ಲಿ. ಫಿನ್ನಿಷ್ ಎಂದರೆ ಹಳ್ಳಿಗರ ಮಾತು. ಎಲಿಯಾಸ್ ಲೋನ್ರೂಟ್ ಹಳ್ಳಿಯ ಹಾಡುಗಾರರಿಂದ ಕೇಳಿ ಕಲೆಹಾಕಿದ ‘ಕಲೆವಾಲ’ದಿಂದ ಅಲೆಕ್ಸಿಸ್ ಕಿವಿ ಒಂದು ಕಥೆ ಎತ್ತಿಕೊಂಡು 1864ರಲ್ಲಿ ‘ಕುಲ್ಲೆರ್ವೊ’ ಎಂಬ ದುರಂತ ನಾಟಕವನ್ನು ಫಿನ್ನಿಷಿನಲ್ಲಿ ಪ್ರಕಟಿಸಿದ. ಇಂದು ಫಿನ್‌ಲೆಂಡಿನ ನಾಟಕ ಸಾಹಿತ್ಯದ ಚರಿತ್ರೆ ಅವನಿಂದ ಶುರುವಾಗುತ್ತದೆ. ನಾರ್ವೆಯಲ್ಲೂ ಹೀಗೆಯೇ. ಡೇನಿಷ್ ನಟರ ಡೇನಿಷ್ ಮಾತೇ ರಂಗದ ಮಾತು ಎಂದಿದ್ದ ಕಾಲದಲ್ಲಿ ಬೆರ್ಗೆನ್ ಪಟ್ಟಣದಲ್ಲಿ ನಾರ್ವೆಯವರದೇ ನಾಟಕಶಾಲೆ ಶುರುವಾಯಿತು. ಅಲ್ಲಿ ಪಳಗಿದ ಇಬ್ಸೆನ್ ಹಳೆಯ ಸಾಗಾಗಳಿಂದಲೂ ಜನರ ಕಟ್ಟುಕಥೆಗಳಿಂದಲೂ ನಾಟಕ ಕಟ್ಟಿದ.

ಐರ್ಲೆಂಡಿನಲ್ಲಿ ಆಕ್ಷೇಪ ಧರ್ಮದ ಕಡೆಯಿಂದ ಬಂತು. ಹಸಿದ ಒಕ್ಕಲು ಮಕ್ಕಳನ್ನು ಉಳಿಸಲು ತನ್ನ ಆತ್ಮವನ್ನೇ ಮಾರುವ ಹೆಂಗಸಿನ ಕಥೆಯನ್ನು ಯೇಟ್ಸ್ 1899ರಲ್ಲಿ ಡಬ್ಲಿನ್‌ನಲ್ಲಿ ಆಡಿಸಿದಾಗ ಇದು ಧರ್ಮಕ್ಕೆ ವಿರುದ್ಧ ಎಂದು ಗಲಾಟೆಯಾಯಿತು. ಆತ ಹಿಂದೆ ಸರಿಯಲಿಲ್ಲ. 1904ರ ಡಿಸೆಂಬರಿನಲ್ಲಿ ಅಬೆ ನಾಟಕಶಾಲೆ ಬಾಗಿಲು ತೆರೆದಾಗ ಆಡಿದ ನಾಟಕಗಳಲ್ಲಿ ಒಂದು, ಗುರುತು ತಿಳಿಯದೆ ಸ್ವಂತ ಮಗನನ್ನೇ ಕೊಲ್ಲುವ ಕುಹುಲಿನ್ ಎಂಬ ಹಳೆಯ ವೀರನ ಕಥೆ. ಆ ಕಡೆಯ ಕಥೆಗಳೂ ಒಬ್ಬರ ಸ್ವತ್ತಲ್ಲ. 1014ರಲ್ಲಿ ಡಬ್ಲಿನ್ ಬಳಿಯ ಕ್ಲಾಂಟಾರ್ಫಿನಲ್ಲಿ ನಡೆದ ಯುದ್ಧವನ್ನು ಐರಿಷ್ ಬರಹಗಾರರೂ ಬರೆದರು, ಕಡಲಾಚೆಯ ಐಸ್‌ಲೆಂಡಿನ ಸಾಗಾಕಾರರೂ ಬರೆದರು. ಕಡಲಿನ ಎರಡೂ ದಡದವರು ಹಂಚಿಕೊಂಡು ಉಳಿಸಿದ್ದರಿಂದ ಅಲ್ಲಿನ ನಾಟಕಕಾರರಿಗೆ ದಾಸ್ತಾನು ದೊಡ್ಡದಾಯಿತು.

ಈ ಉತ್ತರದ ನಾಡುಗಳ ಕಥೆಗೆ ನಮ್ಮ ಊರಿನಲ್ಲಿ ಸಿಕ್ಕಿದ ಮರ್ಯಾದೆಯನ್ನೂ ನೆನೆಯಬೇಕು. ‘ಮ್ಯಾಕ್‌ಬೆತ್’ ಸ್ಕಾಟ್ಲೆಂಡಿನ ಕಥೆ. ಅದರ ಮೊದಲ ಅಂಕದಲ್ಲೇ ನಾರ್ವೆಯ ರಾಜನ ದಂಡಯಾತ್ರೆಯ ಸುದ್ದಿ ಬರುತ್ತದೆ. ಅದನ್ನು ಕನ್ನಡಕ್ಕೆ ತಂದವರಲ್ಲಿ ಒಬ್ಬರು ಸುಳ್ಯ ಸೀಮೆಯ ಕಲ್ಮಡ್ಕದ ರಾಮಚಂದ್ರ ದೇವ. ನಮ್ಮ ನೆರೆಯ ಬಂಟ್ವಾಳದ ಮಂಚಿ ಕಡೆಯವರಾದ ಬಿ.ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ಅದೇ ನಾಟಕವನ್ನು ‘ಬರ್ನಂ ವನ’ ಎಂಬ ಹೆಸರಿನಲ್ಲಿ, ಹಿಂದಿಯಲ್ಲಿ, ಯಕ್ಷಗಾನದ ನಡೆಯನ್ನು ಬಳಸಿ ಆಡಿಸಿದರು. ದೇಶವೇ ಮೆಚ್ಚಿತು, ನಾವೂ ಹೆಮ್ಮೆಪಟ್ಟೆವು. ಪುತ್ತೂರಿನಲ್ಲಿ ನಾಲ್ಕು ದಶಕ ಬಾಳಿದ ಶಿವರಾಮ ಕಾರಂತರು ಯಕ್ಷಗಾನಕ್ಕೆ ವಯಲಿನ್, ಸ್ಯಾಕ್ಸೊಫೋನ್ ಸೇರಿಸಿದರು, ಮಾತನ್ನು ಕಡಿಮೆ ಮಾಡಿ ಬ್ಯಾಲೆಯ ರೂಪ ಕೊಟ್ಟರು. ಅದನ್ನು ಪ್ರಯೋಗ ಎಂದು ಗೌರವಿಸುತ್ತೇವೆ. ಗೌರವಿಸಬೇಕಾದ್ದೇ. ಆದರೆ ಸ್ಕಾಟ್ಲೆಂಡಿನ ಸರದಾರ ಹಿಂದಿಯಲ್ಲಿ ಮಾತಾಡಿ ಯಕ್ಷಗಾನದ ಹೆಜ್ಜೆ ಹಾಕಿದರೆ ಪ್ರಯೋಗ, ಪಡುಮಲೆಯ ಚೆನ್ನಯ ತುಳುವಿನಲ್ಲಿ ಮಾತಾಡಿ ಅದೇ ಹೆಜ್ಜೆ ಹಾಕಿದರೆ ಕಲಬೆರಕೆ ಎನ್ನುವ ತಕ್ಕಡಿ ಎಂಥದ್ದು? ಓದಿದವರು ಮಾಡಿದ್ದಕ್ಕೆ ಒಂದು ಅಳತೆ, ಡೇರೆ ಮೇಳದವರು ಮಾಡಿದ್ದಕ್ಕೆ ಇನ್ನೊಂದು ಅಳತೆ ಇಟ್ಟುಕೊಂಡು ಶುದ್ಧಿಯ ಮಾತಾಡುವುದು ಸಲ್ಲದು.

ಶುದ್ಧಿ ಎಂಬುದು ಈ ಸೀಮೆಯಲ್ಲಿ ಎಲ್ಲಿದೆ ಎಂಬುದನ್ನೂ ಕೇಳಿಕೊಳ್ಳಬೇಕು. ಸುಳ್ಯದ ಕಡೆ ವಿಷ್ಣುಮೂರ್ತಿಯ ಒತ್ತೆಕೋಲ ನೋಡಿದವರಿಗೆ ಇದು ಗೊತ್ತು. ಕೂಡಿಕಟ್ಟು ಮಾಡಿ ಮೇಲೇರಿಗೆ ಮರ ಒಟ್ಟುವ ಮನೆಯವರು ಆಡುವುದು ಅರೆಭಾಷೆ. ದೈವ ಕಟ್ಟುವ ಕಲಾವಿದರ ಹಾಡು ಮಲಯಾಳದ್ದು. ಸುತ್ತ ನಿಂತವರು ತುಳು ಮಾತಾಡುತ್ತಾರೆ, ಆಮಂತ್ರಣ ಪತ್ರ ಕನ್ನಡದಲ್ಲಿರುತ್ತದೆ. ಆ ದೈವದ ಕಥೆಯೇ ನೀಲೇಶ್ವರದ ಪಾಲಂದಾಯಿ ಕಣ್ಣ ಎಂಬವನು ಊರು ಬಿಟ್ಟು ಮಂಗಳೂರಿಗೆ ಬಂದು, ಮರಳಿ ಹೋದಾಗ ಕೊಲೆಯಾದ ಕಥೆ. ನಾಡು ಎರಡು, ಭಾಷೆ ಹಲವು, ದೈವ ಒಂದು. ಯಕ್ಷಗಾನದ್ದೂ ಹೀಗೆಯೇ. ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬ ಇಂದು ಕೇರಳಕ್ಕೆ ಸೇರಿರುವ ಕುಂಬಳೆಯವನು. ನಮ್ಮ ಗಡಿಗೆ ತಾಗಿದ ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಮಾಸ್ತರರು ಕಲಿಸಿದ ಶಿಷ್ಯರು ಎರಡೂ ರಾಜ್ಯದಲ್ಲಿ ಅರ್ಥ ಹೇಳಿದರು. ಮನೆಯಲ್ಲಿ ತುಳು, ಹವ್ಯಕ, ಅರೆಭಾಷೆ, ಮಲಯಾಳ ಆಡುವವರು ಸೇರಿ ಕಟ್ಟಿದ ಕನ್ನಡದ ಕಲೆ ಇದು. ಹಂಚಿಕೊಂಡೇ ಬೆಳೆದ ಕಲೆಗೆ ಈಗ ಬೇಲಿ ಹಾಕಿದರೆ ಬೆಳವಣಿಗೆ ನಿಲ್ಲುತ್ತದೆ, ಅಷ್ಟೇ.

ಎರಡನೆಯ ವಾದಕ್ಕೆ ಬರುತ್ತೇನೆ. ದೈವಗಳನ್ನು ರಂಗಕ್ಕೆ ತರಬಾರದು ಎನ್ನುವವರ ನೋವು ನನಗೆ ಅರ್ಥವಾಗುತ್ತದೆ. 2022ರಲ್ಲಿ ‘ಕಾಂತಾರ’ ಸಿನಿಮಾ ಬಂದ ಮೇಲೆ ಶಾಲಾ ವಾರ್ಷಿಕೋತ್ಸವದಿಂದ ಹಿಡಿದು ಆರ್ಕೆಸ್ಟ್ರಾ ವೇದಿಕೆಯವರೆಗೆ ಮುಖಕ್ಕೆ ಹಳದಿ ಬಳಿದು ಕೂಗು ಹಾಕುವ ಅನುಕರಣೆಗಳು ಹೆಚ್ಚಿದವು. ಗಗ್ಗರ ಕಟ್ಟಿ, ಅಣಿ ಹೊತ್ತು, ಆವೇಶ ಬಂದಂತೆ ನಟಿಸಿ ನುಡಿ ಕೊಡುವುದು ವೇದಿಕೆಯ ಕೆಲಸವಲ್ಲ. ಅದು ನಲಿಕೆ, ಪರವ, ಪಂಬದ ಸಮುದಾಯದವರು ವ್ರತ ಹಿಡಿದು, ಮೈ ದಂಡಿಸಿ, ತಲೆತಲಾಂತರದಿಂದ ನಡೆಸಿಕೊಂಡು ಬಂದ ಸೇವೆ. ಅದನ್ನು ಹಾಗೆಯೇ ಬಿಡಬೇಕು. ಇಷ್ಟರ ಮಟ್ಟಿಗೆ ನಾನು ಅವರ ಜೊತೆಗಿದ್ದೇನೆ.

ಆದರೆ ಆರಾಧನೆ ಬೇರೆ, ಕಥೆ ಬೇರೆ. ಕೋಟಿ ಚೆನ್ನಯರು ಗರಡಿಯಲ್ಲಿ ನೆಲೆಯಾಗುವ ಮೊದಲು ಈ ನೆಲದಲ್ಲಿ ಉತ್ತು ಬಿತ್ತಿದ, ಸಿಟ್ಟುಮಾಡಿಕೊಂಡ, ಅಕ್ಕನನ್ನು ಹುಡುಕಿದ ಮನುಷ್ಯರು. ಆ ಬದುಕನ್ನು ಆಡಿ ತೋರಿಸಿದರೆ ನೇಮಕ್ಕೆ ಯಾವ ಕುಂದು? ಕಟೀಲು ಮೇಳದವರು ದೇವಿಮಹಾತ್ಮೆ ಆಡುವಾಗ ಸಾಕ್ಷಾತ್ ದೇವಿಯೇ ರಂಗಸ್ಥಳಕ್ಕೆ ಬರುತ್ತಾಳೆ. ನೋಡುವವರು ಕೈಮುಗಿಯುತ್ತಾರೆ. ವೇಷಧಾರಿ ಯಾರೆಂಬುದೂ ಅವರಿಗೆ ಗೊತ್ತು, ದೇವಿ ಯಾರೆಂಬುದೂ ಗೊತ್ತು. ಈ ಎರಡನ್ನು ಬೇರೆಯಾಗಿ ಕಾಣುವ ವಿವೇಕ ನಮ್ಮ ಪ್ರೇಕ್ಷಕರಿಗೆ ಇಷ್ಟು ಕಾಲ ಇತ್ತು. ಕೋಟಿ ಚೆನ್ನಯರ ವಿಷಯಕ್ಕೆ ಬಂದಾಗ ಮಾತ್ರ ಅದು ಇಲ್ಲವಾಗುತ್ತದೆ ಎಂದು ಭಾವಿಸುವುದು ಜನರನ್ನು ಕೀಳಾಗಿ ಕಂಡಂತೆ. ಪುತ್ತೂರಿನ ಮಹಾಲಿಂಗೇಶ್ವರ ದೇವರ ಗದ್ದೆಯ ಕಂಬಳಕ್ಕೆ ಕೋಟಿ ಚೆನ್ನಯರ ಹೆಸರಿದೆ. ಕೋಣದ ಓಟಕ್ಕೆ ಒಪ್ಪಿದ ಹೆಸರನ್ನು ಭಾಗವತರ ಪದಕ್ಕೆ ಒಪ್ಪದೆ ಇರುವುದು ಹೇಗೆ?

ಕಥೆ ಯಾರದು ಎಂಬ ತಕರಾರಿಗೂ ಉತ್ತರ ಕಥೆಯಲ್ಲೇ ಇದೆ. ಇದರಲ್ಲಿ ಬೈದ್ಯರಿದ್ದಾರೆ, ಬಲ್ಲಾಳರಿದ್ದಾರೆ, ಗದ್ದೆಯ ಒಕ್ಕಲುಗಳಿದ್ದಾರೆ. ಇದನ್ನು ಉಳಿಸಿದವರು ನೇಜಿ ನೆಡುತ್ತಾ ಹಾಡಿದ ಹೆಂಗಸರು, ಗರಡಿಯ ಅಂಗಳದಲ್ಲಿ ಪಾಡ್ದನ ಹೇಳಿದ ಕಲಾವಿದರು. ಹತ್ತೊಂಬತ್ತನೇ ಶತಮಾನದಲ್ಲಿ ಮೆನ್ನರ್, ಬರ್ನೆಲ್ ಮುಂತಾದವರು ಪಾಡ್ದನಗಳನ್ನು ಕಾಗದಕ್ಕೆ ಇಳಿಸಿದರು. ಪಂಜೆ ಮಂಗೇಶರಾಯರು ಈ ಅವಳಿಗಳ ಕಥೆಯನ್ನು ಕನ್ನಡ ಗದ್ಯದಲ್ಲಿ ಬರೆದು ಶಾಲೆಯ ಮಕ್ಕಳಿಗೆ ತಲುಪಿಸಿದರು. ಪುತ್ತೂರಿನ ವಿವೇಕಾನಂದ ಕಾಲೇಜಿನಲ್ಲಿ ಪಾಠ ಹೇಳಿದ ಅಮೃತ ಸೋಮೇಶ್ವರರು ತುಳುವಿನಲ್ಲೂ ಕನ್ನಡದಲ್ಲೂ ನಾಟಕ, ಪ್ರಸಂಗಗಳನ್ನು ಬರೆದು ಜನಪದಕ್ಕೂ ರಂಗಕ್ಕೂ ನಡುವೆ ಅಂತರವಿಲ್ಲ ಎಂದು ಬರವಣಿಗೆಯಿಂದಲೇ ತೋರಿಸಿದರು. ಇಷ್ಟು ಜನರ ಕೈ ಸೇರಿದ ಕಥೆಗೆ ಇಂದು ಒಂದು ಗುಂಪು ಬೀಗ ಹಾಕಲಾಗದು.

ಬೀಗ ಹಾಕಿದರೆ ಏನಾಗುತ್ತದೆ ಎಂಬುದೂ ಕಾಣುತ್ತಿದೆ. 2020ರಲ್ಲಿ ಶುರುವಾದ ‘ಶಿವದೂತೆ ಗುಳಿಗೆ’ ಎಂಬ ತುಳು ನಾಟಕ ನೂರಾರು ಪ್ರದರ್ಶನ ಕಂಡಿತು. ಜನರಿಗೆ ಈ ಕಥೆಗಳ ಹಸಿವಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಯಕ್ಷಗಾನ, ತಾಳಮದ್ದಳೆ, ಹವ್ಯಾಸಿ ನಾಟಕ ತಂಡಗಳು ಬಾಗಿಲು ಮುಚ್ಚಿಕೊಂಡರೆ ಆ ಹಸಿವನ್ನು ಮೊಬೈಲಿನ ಅರೆಬೆಂದ ವಿಡಿಯೋಗಳು ತುಂಬುತ್ತವೆ. ಆಗ ಪಡುಮಲೆಯ ಮಗು ಚೆನ್ನಯನನ್ನು ಕತ್ತಿ ಬೀಸುವ ಬೊಂಬೆಯಾಗಿ ಮಾತ್ರ ತಿಳಿಯುತ್ತದೆ. ನೀರಿನ ನ್ಯಾಯ, ತಾಯಿಯ ಮದ್ದು, ಅಕ್ಕನ ಗುರುತು ಯಾವುದೂ ಅದಕ್ಕೆ ಸಿಗುವುದಿಲ್ಲ. ಶುದ್ಧಿಯ ಹೆಸರಿನಲ್ಲಿ ನಾವು ಕಳೆದುಕೊಳ್ಳುವುದು ಇದನ್ನು.

ಹಾಗಾದರೆ ಹೇಗೆ ಆಡಬೇಕು? ಶಿಸ್ತಿನಿಂದ ಆಡಬೇಕು. ಪ್ರಸಂಗ ಬರೆಯುವವರು ಒಂದು ಸಿನಿಮಾ ನೋಡಿ ಬರೆಯದೆ, ಪಾಡ್ದನದ ಬೇರೆ ಬೇರೆ ಪಾಠಗಳನ್ನು ಓದಿ, ಇನ್ನೂ ಹಾಡಬಲ್ಲ ಹಿರಿಯರ ಬಳಿ ಹೋಗಿ ಕೇಳಿ ಬರೆಯಲಿ. ಕೇಳಿಸಿದವರ ಹೆಸರನ್ನು ಕರಪತ್ರದಲ್ಲಿ ಹಾಕಲಿ, ಗೌರವಧನವನ್ನೂ ಕೊಡಲಿ. ತೆಂಕುತಿಟ್ಟಿನ ವೇಷ, ಹಿಮ್ಮೇಳ, ಕುಣಿತ ಬಿಟ್ಟುಕೊಡದೆ ತುಳು ಪ್ರಸಂಗ ಆಡಲು ಖಂಡಿತ ಬರುತ್ತದೆ. ಬಣ್ಣಗಾರಿಕೆಯ ಕ್ರಮ ತಪ್ಪಿದರೆ, ಹಾಸ್ಯ ಹದ ಮೀರಿದರೆ ಟೀಕಿಸೋಣ, ಕಟುವಾಗಿಯೇ ಟೀಕಿಸೋಣ. ಅದೇ ಅಳತೆಯನ್ನು ಪೌರಾಣಿಕ ಪ್ರಸಂಗಕ್ಕೂ ಇಡೋಣ. ಆಟವೊಂದು ಕೆಟ್ಟದ್ದಾದರೆ ಆಡಿದ ರೀತಿಯನ್ನು ದೂರಬೇಕು, ಕಥೆಯ ಹುಟ್ಟೂರನ್ನೂ ಭಾಷೆಯನ್ನೂ ದೂರಬಾರದು.

ಪುತ್ತೂರು, ಸುಳ್ಯ, ಕಡಬದ ಯಕ್ಷಗಾನ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಿಮ್ಮ ಮಳೆಗಾಲದ ತಾಳಮದ್ದಳೆಯ ಪಟ್ಟಿ ತಯಾರಾಗುತ್ತದೆ. ಕರ್ಣಪರ್ವ ಇರಲಿ, ವಾಲಿಮೋಕ್ಷವೂ ಇರಲಿ. ಅವುಗಳ ಜೊತೆಗೆ ಪಂಜದ ಮನೆಯಂಗಳದಲ್ಲಿ ಕಿನ್ನಿದಾರು ತಮ್ಮಂದಿರಿಗೆ ನೀರು ಕೊಡುವ ಆ ಒಂದು ಸಂದರ್ಭವನ್ನೂ ಸೇರಿಸಿ. ನಿಮ್ಮಲ್ಲಿರುವ ಅತ್ಯುತ್ತಮ ಅರ್ಥಧಾರಿಗಳನ್ನೇ ಅದಕ್ಕೆ ಕೂರಿಸಿ, ತುಳುವಿನಲ್ಲೇ ಮಾತಾಡಲು ಹೇಳಿ. ಯಕ್ಷಗಾನ ಕೆಟ್ಟಿತೋ ಬೆಳೆಯಿತೋ ಎಂಬುದನ್ನು ಕೇಳಿದ ಜನ ತೀರ್ಮಾನಿಸಲಿ.